ಹೆಗಲಿಗೆ ಒದ್ದರೂ ಹೆದರದವರ ಕೈ .32ಕ್ಕೆ ಏಕೆ ಬೆದರುತ್ತದೆ?

ಪ್ರಶ್ನೆ: ನಾನು ಕೊಡಗಿನವನು. ಹುಡುಗನಾಗಿದ್ದಾಗಿನಿಂದ ಕೈಲ್ ಮುಹೂರ್ತದ ದಿನ ಅಪ್ಪನ 12 ಬೋರ್ ಕೋವಿಯಲ್ಲಿ ತೆಂಗಿನಕಾಯಿಗೆ ಈಡು ಹೊಡೆದು ಅಭ್ಯಾಸವಿದೆ. ಈಗ ಬೆಂಗಳೂರಿನಲ್ಲಿ ಕೆಲಸ. ಎರಡು ವರ್ಷದಿಂದ .22 (ನಳಿಗೆಯ ಒಳವ್ಯಾಸ ಸುಮಾರು 0.22 ಇಂಚು) ಪಿಸ್ತೂಲಿನಲ್ಲಿ 25 ಮೀಟರ್ ಅಭ್ಯಾಸ ಮಾಡುತ್ತಿದ್ದೇನೆ. ನಿಧಾನ ಸುತ್ತಿನಲ್ಲಿ ಐದು ಗುಂಡಿಗೆ 46, 47 ಬರುತ್ತಿತ್ತು. ಮೂರು ತಿಂಗಳ ಹಿಂದೆ .32 ಸೆಂಟರ್ ಫೈರ್ (ತೋಟಾದ ತಳದ ನಡುವೆ ಪಿನ್ ಬಡಿಯುವ) ಪಿಸ್ತೂಲು ಹಿಡಿದೆ. ಈಗ 42 ದಾಟುವುದೇ ಕಷ್ಟವಾಗಿದೆ. ತೂತುಗಳು ಹೆಚ್ಚಾಗಿ ಕೆಳಗೆ, ಎಡಕ್ಕೆ ಬೀಳುತ್ತವೆ. ನಾನು ಬಲಗೈಯವನು. .32 ತೋಟಾಕ್ಕೆ .22ರಷ್ಟು ನಿಖರತೆ ಇಲ್ಲವೇ? ಬೇರೆ ಕಂಪನಿಯ ತೋಟಾ ಹಾಕಿ ನೋಡಲೇ? ಟೆಕ್ಸಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ .45 ಪಿಸ್ತೂಲು ಬಳಸುತ್ತಾನೆ. “9 ಎಂಎಂಗಿಂತ .45 ಹೆಚ್ಚು ನಿಖರ, ಒದೆತ ಎಂಬುದು ಬರೀ ಮನಸ್ಸಿನ ಭ್ರಮೆ” ಎನ್ನುತ್ತಾನೆ. ಅವನ ಮಾತಿನಲ್ಲಿ ಎಷ್ಟು ಸತ್ಯವಿದೆ?

ಉತ್ತರ: ತೋಟಾ ಬದಲಿಸಲು ಹೋಗಬೇಡಿ, ಸದ್ಯಕ್ಕಂತೂ ಬೇಡ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಅಂಕದ ಮೇಲಲ್ಲ, “ಕೆಳಗೆ, ಎಡಕ್ಕೆ” ಎಂಬ ಎರಡು ಪದಗಳ ಮೇಲೆ. ತೋಟಾದಲ್ಲಿ ದೋಷವಿದ್ದರೆ, ಅಥವಾ ನಳಿಗೆ ಸವೆದಿದ್ದರೆ, ಗುಂಡುಗಳು ನಡುವಿನ ಸುತ್ತ ಎಲ್ಲ ದಿಕ್ಕಿಗೂ ಚೆದುರುತ್ತವೆ. ಒಂದು ಮೇಲೆ, ಒಂದು ಬಲಕ್ಕೆ, ಒಂದು ಎಲ್ಲೋ ಕೆಳಗೆ. ಸೀಸದ ತುಂಡಿಗೆ ಎಡಗಡೆಯ ಮೇಲೆ ವಿಶೇಷ ಪ್ರೀತಿ ಇರುವುದಿಲ್ಲ. ಬಲಗೈಯವರ ಗುಂಡುಗಳು ಗಡಿಯಾರದ ಏಳು ಗಂಟೆಯ ಕಡೆಗೆ ಗುಂಪಾಗಿ ಸರಿಯುತ್ತಿದ್ದರೆ, ಗುಂಡು ಹೊರಡುವ ಮುನ್ನವೇ ಕೈ ನಳಿಗೆಯ ಮೂತಿಯನ್ನು ಕೆಳಕ್ಕೆ ಒತ್ತುತ್ತಿದೆ ಎಂದರ್ಥ. ಬರುವ ಒದೆತವನ್ನು ಎದುರಿಸಲು ಅಂಗೈ, ಬೆರಳು, ಮಣಿಕಟ್ಟು ಮೂರೂ ಮೊದಲೇ ಬಿಗಿಯಾಗುತ್ತಿವೆ. ಇದು ಹೇಡಿತನವಲ್ಲ. ದೇಹ ತನ್ನನ್ನು ಕಾಪಾಡಿಕೊಳ್ಳುವ ರೀತಿ ಇದು. ನನಗೂ ಆಗಿತ್ತು, ನಾನು ಕಲಿಸಿದವರಲ್ಲಿ ಬಹುಪಾಲು ಜನರಿಗೂ ಆಗಿದೆ.

ಆದರೆ ಇಲ್ಲೊಂದು ವಿಚಿತ್ರವಿದೆ, ಅದನ್ನು ಬಿಡಿಸಿದರೆ ನಿಮ್ಮ ಮೂರೂ ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ. ನೀವು 12 ಬೋರ್ ಕೋವಿಗೆ ಹೆದರದವರು. ಆ ಕೋವಿ ಎಷ್ಟು ಒದೆಯುತ್ತದೆ, ಈ ಪಿಸ್ತೂಲು ಎಷ್ಟು ಒದೆಯುತ್ತದೆ ಎಂದು ಒಮ್ಮೆ ಲೆಕ್ಕ ಹಾಕೋಣ.

ಒದೆತದ ಲೆಕ್ಕ ನ್ಯೂಟನ್ನನ ಮೂರನೆಯ ನಿಯಮವೇ. ಮುಂದಕ್ಕೆ ಹೋಗುವ ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿ. ಸುಟ್ಟ ಮದ್ದು ಅನಿಲವಾಗಿ ಗುಂಡಿಗಿಂತಲೂ ವೇಗವಾಗಿ ಮೂತಿಯಿಂದ ಹೊರನುಗ್ಗುತ್ತದೆ. ಕೈಕೋವಿಗಳಲ್ಲಿ ಅದರ ವೇಗವನ್ನು ಸೆಕೆಂಡಿಗೆ ಸುಮಾರು 1,200 ಮೀಟರ್ ಎಂದು ಹಿಡಿಯುವುದು ವಾಡಿಕೆ. ಮದ್ದಿನ ತೂಕವನ್ನು ಅದರಿಂದ ಗುಣಿಸಿ ಇದಕ್ಕೆ ಸೇರಿಸಿ. ಬಂದ ಮೊತ್ತವೇ ಆಯುಧ ಹಿಂದಕ್ಕೆ ಹೊರುವ ಸಂವೇಗ. ಅದನ್ನು ಆಯುಧದ ತೂಕದಿಂದ ಭಾಗಿಸಿದರೆ ಅದು ಹಿಂದಕ್ಕೆ ಚಿಮ್ಮುವ ವೇಗ ಸಿಗುತ್ತದೆ. ವೇಗ ಸಿಕ್ಕ ಮೇಲೆ ಶಕ್ತಿಯ ಲೆಕ್ಕ ಶಾಲೆಯಲ್ಲಿ ಕಲಿತದ್ದೇ.

ನಿಮ್ಮ .22ರ ಗುಂಡು 2.6 ಗ್ರಾಂ. ಪಿಸ್ತೂಲಿನ ಚಿಕ್ಕ ನಳಿಗೆಯಿಂದ ಸೆಕೆಂಡಿಗೆ ಸುಮಾರು 270 ಮೀಟರ್ ವೇಗದಲ್ಲಿ ಹೊರಡುತ್ತದೆ. ಪಿಸ್ತೂಲು 1.1 ಕಿಲೋ ಇದ್ದರೆ ಒದೆತದ ಶಕ್ತಿ 0.3 ಜೂಲ್‌ನ ಆಸುಪಾಸು. ನಿಮ್ಮ .32ರ ತೋಟಾ, ಅಂದರೆ .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್, ಅದರ ವಾಡ್‌ಕಟರ್ ಎಂಬ ಚಪ್ಪಟೆ ಮೂತಿಯ ಗುಂಡು ಸುಮಾರು 6.4 ಗ್ರಾಂ, ವೇಗ ಸುಮಾರು 225 ಮೀಟರ್. ಅದೇ ತೂಕದ ಪಿಸ್ತೂಲಿನಲ್ಲಿ ಒದೆತ 1.1 ಜೂಲ್. ಸಂವೇಗ ಎರಡು ಪಟ್ಟಾಗಿದೆ, ಶಕ್ತಿ ನಾಲ್ಕು ಪಟ್ಟಿನ ಹತ್ತಿರ ಬಂದಿದೆ. .22ರಿಂದ ಬಂದವರಿಗೆ ಈ ಜಿಗಿತ ಗೊತ್ತಾಗದೆ ಇರುವುದಿಲ್ಲ. ಈಗ ಅಪ್ಪನ ಕೋವಿ ನೋಡಿ. 32 ಗ್ರಾಂ ಚರೆ, ವೇಗ ಸೆಕೆಂಡಿಗೆ 365 ಮೀಟರಿನಷ್ಟು, ಕೋವಿಯ ತೂಕ ಮೂರು ಕಿಲೋಗಿಂತ ತುಸು ಹೆಚ್ಚು. ಒದೆತ ಸುಮಾರು 30 ಜೂಲ್!

ಮೂವತ್ತು ಜೂಲ್ ಹೆಗಲಿಗೆ ಬಡಿದರೂ ಅಲುಗದ ಮನುಷ್ಯ ಒಂದು ಜೂಲ್‌ಗೆ ಬೆದರುತ್ತಿದ್ದಾನೆ. ಇದಕ್ಕೆ ಕಾರಣಗಳು ಎರಡು. ಕೋವಿಯ ಒದೆತ ಹೆಗಲಿನ ಮೂಲಕ ಇಡೀ ದೇಹಕ್ಕೆ ಹಂಚಿಹೋಗುತ್ತದೆ. ನೀವು ಮುಂದಕ್ಕೆ ಬಾಗಿ ನಿಂತಿರುತ್ತೀರಿ, ಕೋವಿಯ ಬಟ್ ಭುಜಕ್ಕೆ ಅಂಟಿರುತ್ತದೆ. ಪಿಸ್ತೂಲನ್ನು ಹಿಡಿದಿರುವುದು ಚಾಚಿದ ಒಂದೇ ಕೈ. ನಳಿಗೆ ಅಂಗೈಗಿಂತ ಮೇಲಿದೆ. ಹಾಗಾಗಿ ಅದು ಹಿಂದಕ್ಕೆ ತಳ್ಳುವುದಷ್ಟೇ ಅಲ್ಲ, ಮಣಿಕಟ್ಟನ್ನು ಕೀಲಾಗಿಸಿಕೊಂಡು ಮೇಲಕ್ಕೆ ತಿರುಗುತ್ತದೆ. ಈ ತಿರುಗುವಿಕೆಯೇ ಕಣ್ಣೆದುರು ಕಾಣುವುದು. ಎರಡನೆಯ ಕಾರಣ, ಕೋವಿಯಿಂದ ಹೊಡೆಯುವಾಗ ಸಣ್ಣದೊಂದು ಬೆದರಿಕೆಯನ್ನು ಚರೆಯ ಹರವು ಮುಚ್ಚಿಹಾಕುತ್ತದೆ. ಅಲ್ಲೂ ನೀವು ಬೆದರುತ್ತಿದ್ದಿರಬಹುದು. ತೆಂಗಿನಕಾಯಿ ಬಿದ್ದಿತು, ಊರವರು ಚಪ್ಪಾಳೆ ತಟ್ಟಿದರು, ವಿಷಯ ಅಲ್ಲಿಗೇ ಮುಗಿಯಿತು. 25 ಮೀಟರಿನ ಕಾಗದ ಏನನ್ನೂ ಮುಚ್ಚಿಡುವುದಿಲ್ಲ.

ಅದು ಎಷ್ಟು ನಿರ್ದಯಿ ಎಂದು ನೋಡಿ. ನಿಧಾನ ಸುತ್ತಿನ ಗುರಿಹಲಗೆಯಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್. ಪಿಸ್ತೂಲಿನಲ್ಲಿ ಗುರಿ ಹಿಡಿಯುವ ಮುಂದಿನ ಗುರುತು (ಫೋರ್‌ಸೈಟ್) ಮತ್ತು ಹಿಂದಿನ ಗುರುತು (ಬ್ಯಾಕ್‌ಸೈಟ್) ನಡುವಿನ ಅಂತರ ಸ್ಪರ್ಧೆಯ ನಿಯಮದ ಪ್ರಕಾರ 220 ಮಿಲಿಮೀಟರ್ ಮೀರುವಂತಿಲ್ಲ. 200 ಎಂದೇ ಇಟ್ಟುಕೊಳ್ಳಿ. 25 ಮೀಟರ್ ಎಂದರೆ ಅದರ 125 ಪಟ್ಟು. ಫೋರ್‌ಸೈಟ್ ತನ್ನ ಜಾಗದಿಂದ ಅರ್ಧ ಮಿಲಿಮೀಟರ್ ಕೆಳಗಿಳಿದರೆ ಕಾಗದದ ಮೇಲೆ ಗುಂಡು 62 ಮಿಲಿಮೀಟರ್ ಕೆಳಗೆ ಬೀಳುತ್ತದೆ. ಉಗುರಿನ ದಪ್ಪದಷ್ಟು ಚಲನೆ ನಿಮ್ಮನ್ನು ಹತ್ತರಿಂದ ಎಂಟಕ್ಕೆ ಇಳಿಸುತ್ತದೆ. ಒಳ್ಳೆಯ ತೋಟಾಕ್ಕೂ ಸಾಧಾರಣ ತೋಟಾಕ್ಕೂ ಇರುವ ವ್ಯತ್ಯಾಸ ಇದರ ಮುಂದೆ ಏನೇನೂ ಅಲ್ಲ.

ಹಾಗಾದರೆ ಒದೆತವೇ ನೇರವಾಗಿ ಗುರಿ ಕೆಡಿಸುವುದಿಲ್ಲವೇ? ಇದನ್ನು ಸ್ವಲ್ಪ ನಿಧಾನವಾಗಿ ವಿವರಿಸುತ್ತೇನೆ, ಏಕೆಂದರೆ ಪಿಸ್ತೂಲಿನ ಬಗ್ಗೆ ನಡೆಯುವ ಅರ್ಧಕ್ಕರ್ಧ ವಾದಗಳು ಇಲ್ಲಿಯೇ ಹುಟ್ಟುತ್ತವೆ. ಟ್ರಿಗರ್ ಎಳೆದು ಮದ್ದು ಹೊತ್ತಿಕೊಂಡ ಮೇಲೆ ಗುಂಡು ನಳಿಗೆಯೊಳಗೆ ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಪಿಸ್ತೂಲೂ ಹಿಂದಕ್ಕೆ ಸರಿಯುತ್ತದೆ. 6.4 ಗ್ರಾಂ ಗುಂಡು 125 ಮಿಲಿಮೀಟರ್ ಮುಂದಕ್ಕೆ ಹೋಗುವಷ್ಟರಲ್ಲಿ 1,100 ಗ್ರಾಂ ಪಿಸ್ತೂಲು ಒಂದು ಮಿಲಿಮೀಟರಿನ ಮುಕ್ಕಾಲು ಭಾಗವೂ ಹಿಂದೆ ಸರಿದಿರುವುದಿಲ್ಲ. .22ರಲ್ಲಿ ಇನ್ನೂ ಕಡಿಮೆ, 0.3 ಮಿಲಿಮೀಟರ್. ನೀವು ಕಣ್ಣಿನಿಂದ ಕಾಣುವ, ಕೈಯಲ್ಲಿ ಅನುಭವಿಸುವ ಒದೆತವೆಲ್ಲ ಗುಂಡು ಹೊರಟುಹೋದ ಮೇಲಿನದು. ಅದಕ್ಕೆ ಈ ಗುಂಡನ್ನು ತಡೆಯುವ ಶಕ್ತಿಯಿಲ್ಲ.

ಮನುಷ್ಯನ ನರಗಳು ಒಂದು ಪ್ರಚೋದನೆಗೆ ಪ್ರತಿಕ್ರಿಯಿಸಲು ಸುಮಾರು 0.2 ಸೆಕೆಂಡು ತೆಗೆದುಕೊಳ್ಳುತ್ತವೆ. ಗುಂಡು ನಳಿಗೆಯಲ್ಲಿ ಕಳೆಯುವ ಹೊತ್ತಿನ ಇನ್ನೂರು ಪಟ್ಟು. ಆದ್ದರಿಂದ ಒದೆತಕ್ಕೆ ಉತ್ತರವಾಗಿ ಕೈ ಅಲುಗಿ ಗುರಿ ತಪ್ಪುವುದು ಸಾಧ್ಯವೇ ಇಲ್ಲ. ಅಲುಗಿದ್ದರೆ ಅದು ಮೊದಲೇ ಅಲುಗಿದೆ. ಹಿಂದಿನ ಗುಂಡಿನ ನೆನಪು ಈ ಗುಂಡನ್ನು ಕೆಡಿಸುತ್ತಿದೆ.

ನೇರವಾದ ಪರಿಣಾಮವೂ ಸ್ವಲ್ಪ ಇದೆ, ಅದನ್ನು ಅಲ್ಲಗಳೆಯಲಾರೆ. ಆ ಸಾವಿರದ ಒಂದು ಭಾಗದಲ್ಲಿ ಮೂತಿ ಕೂದಲೆಳೆಯಷ್ಟು ಮೇಲೇಳುತ್ತದೆ. ಪ್ರತಿ ಬಾರಿಯೂ ಅಷ್ಟೇ ಎದ್ದರೆ ಚಿಂತೆಯಿಲ್ಲ, ಸೈಟ್ ಹೊಂದಿಸುವಾಗ ಅದೂ ಲೆಕ್ಕಕ್ಕೆ ಸೇರಿಹೋಗಿರುತ್ತದೆ. ಆದರೆ ಒಂದು ಬಾರಿ ಬಿಗಿಯಾಗಿ, ಇನ್ನೊಂದು ಬಾರಿ ಸಡಿಲವಾಗಿ ಹಿಡಿದರೆ ಮೂತಿ ಏಳುವ ಪ್ರಮಾಣವೂ ಬದಲಾಗಿ ಗುಂಡುಗಳು ಮೇಲೆ ಕೆಳಗೆ ಹರಡುತ್ತವೆ. .22 ಈ ವ್ಯತ್ಯಾಸವನ್ನು ಕ್ಷಮಿಸುತ್ತದೆ. ಒದೆತ ಹೆಚ್ಚಾದಷ್ಟೂ ಕ್ಷಮೆ ಕಡಿಮೆ. ಭಾರದ ಕ್ಯಾಲಿಬರ್‌ಗಳು ಹಿಡಿತದ ಪರೀಕ್ಷೆ ಮಾಡುತ್ತವೆ ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಇದರಿಂದಲೇ ಹೊಸಬರನ್ನು ತಬ್ಬಿಬ್ಬುಗೊಳಿಸುವ ಸಂಗತಿಯೊಂದು ಹುಟ್ಟುತ್ತದೆ. ಒಂದೇ ಪಿಸ್ತೂಲಿನಲ್ಲಿ ಹಗುರ, ವೇಗದ ಗುಂಡು ಹೊಡೆಯಿರಿ. ಬಳಿಕ ಭಾರದ, ನಿಧಾನದ ಗುಂಡು ಹೊಡೆಯಿರಿ. ಭಾರದ ಗುಂಡು ಕೆಳಗೆ ಬೀಳಬೇಕೆಂದು ಎಲ್ಲರೂ ಊಹಿಸುತ್ತಾರೆ. ಹತ್ತಿರದ ದೂರದಲ್ಲಿ ಅದು ಸಾಮಾನ್ಯವಾಗಿ ಮೇಲೆ ಬೀಳುತ್ತದೆ! ನಿಧಾನದ ಗುಂಡು ನಳಿಗೆಯಲ್ಲಿ ತುಸು ಹೆಚ್ಚು ಹೊತ್ತು ಇರುತ್ತದೆ, ಹೊರಡುವಷ್ಟರಲ್ಲಿ ಮೂತಿ ತುಸು ಹೆಚ್ಚು ಎದ್ದಿರುತ್ತದೆ. ಪೆಟ್ಟಿಗೆಯ ಮೇಲಿನ ಗುಂಡಿನ ತೂಕ ಬದಲಾದರೆ ಸೈಟ್ ಮತ್ತೆ ಹೊಂದಿಸಲೇಬೇಕು. ಇದನ್ನು ಮಾಡದೆ “ಈ ತೋಟಾ ಸರಿಯಿಲ್ಲ” ಎಂದು ತೀರ್ಪು ಕೊಟ್ಟವರನ್ನು ಎಷ್ಟೋ ಬಾರಿ ನೋಡಿದ್ದೇನೆ.

ನಿಮ್ಮ .32 ತೋಟಾದ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕು, ಅದು ಅರ್ಹವಾದದ್ದು. 1896ರಲ್ಲಿ ರಿವಾಲ್ವರಿಗಾಗಿ ಹುಟ್ಟಿದ ಈ ತೋಟಾ ಇಂದು ಜಗತ್ತಿನ ಸೆಂಟರ್ ಫೈರ್ ಸ್ಪರ್ಧೆಗಳ ಬೆನ್ನೆಲುಬಾಗಿದೆ. ನಿಯಮ 7.62ರಿಂದ 9.65 ಮಿಲಿಮೀಟರ್ ತನಕದ ಯಾವುದೇ ಕ್ಯಾಲಿಬರ್ ಒಪ್ಪುತ್ತದೆ, .38 ಸ್ಪೆಷಲ್ ಕೂಡ ನಡೆಯುತ್ತದೆ. ಆದರೂ ಸ್ಪರ್ಧಿಗಳು .32ಕ್ಕೇ ಅಂಟಿಕೊಂಡಿದ್ದಾರೆ, ಆ ಮಿತಿಯೊಳಗೆ ಅತಿ ಕಡಿಮೆ ಒದೆಯುವ, ಆದರೂ ಅತಿ ನಿಖರವಾದ ತೋಟಾ ಇದು ಎಂಬ ಕಾರಣಕ್ಕೆ. ವಾಡ್‌ಕಟರ್ ಗುಂಡಿನ ಮೂತಿ ಚಪ್ಪಟೆ. ಮೆದು ಸೀಸದ್ದು. ಕಾಗದವನ್ನು ಪಂಚಿಂಗ್ ಯಂತ್ರದಂತೆ ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ವಾದವಿರುವುದಿಲ್ಲ. ಶಬ್ದದ ವೇಗಕ್ಕಿಂತ ಬಹಳ ಕಡಿಮೆ ವೇಗದಲ್ಲಿ ಹೋಗುವುದರಿಂದ ಆ ಗಡಿ ದಾಟುವಾಗಿನ ಓಲಾಟದ ಸಮಸ್ಯೆ ಇದಕ್ಕಿಲ್ಲ. ವಾಲ್ಟರ್ ಜಿಎಸ್‌ಪಿ, ಪಾರ್ಡಿನಿ ಎಚ್‌ಪಿ ತರಹದ ಪಿಸ್ತೂಲುಗಳಲ್ಲಿ ನಳಿಗೆ ಚೌಕಟ್ಟಿಗೆ ಬಿಗಿದು ಕೂತಿರುತ್ತದೆ, ಗುಂಡು ಹೊಡೆದಾಗ ಅಲುಗುವುದು ಹಿಂದಿನ ಬೋಲ್ಟ್ ಮಾತ್ರ. ನಳಿಗೆ, ಸೈಟ್ ಎರಡೂ ಪ್ರತಿ ಬಾರಿಯೂ ಒಂದೇ ಜಾಗದಲ್ಲಿರುತ್ತವೆ.

2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಇದೇ ಸೆಂಟರ್ ಫೈರ್ ಸ್ಪರ್ಧೆಯಲ್ಲಿ 600ಕ್ಕೆ 590 ಅಂಕ ಗಳಿಸಿ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅರವತ್ತು ಗುಂಡುಗಳಲ್ಲಿ ಕಳೆದುಕೊಂಡದ್ದು ಹತ್ತೇ ಅಂಕ. ಸೆಂಟರ್ ಫೈರ್ ಪಿಸ್ತೂಲು, ತೋಟಾಗಳ ನಿಖರತೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಿಮ್ಮ 42ಕ್ಕೂ ಆ ಮಿತಿಗೂ ನಡುವೆ ಇರುವ ಅಂತರದಲ್ಲಿ ತೋಟಾದ ಪಾಲು ಬಹಳ ಚಿಕ್ಕದು.

ಇನ್ನೊಂದು ವಿಷಯ ನಿಮಗೆ ಧೈರ್ಯ ಕೊಡಬಹುದು. ಈ ಸ್ಪರ್ಧೆಯ ವೇಗದ ಸುತ್ತಿನಲ್ಲಿ ಹಸಿರು ದೀಪ 3 ಸೆಕೆಂಡು, ಕೆಂಪು ದೀಪ 7 ಸೆಕೆಂಡು. ಪ್ರತಿ ಹಸಿರಿಗೆ ಒಂದೇ ಗುಂಡು. ಹೊಡೆದ ಮೇಲೆ ಕೈ ಇಳಿಸಿ ಕಾಯುತ್ತೀರಿ. ಒದೆತದಿಂದ ಚೇತರಿಸಿಕೊಂಡು ತಕ್ಷಣ ಮುಂದಿನ ಗುಂಡು ಹೊಡೆಯುವ ಪ್ರಮೇಯವೇ ಇಲ್ಲ. ಅಂದರೆ ನಿಮ್ಮ ಆಟದಲ್ಲಿ ಒದೆತದ ಭೌತಿಕ ಬೆಲೆ ಶೂನ್ಯಕ್ಕೆ ಹತ್ತಿರ. ಉಳಿದಿರುವುದು ಮನಸ್ಸು ಮತ್ತು ನರಗಳಲ್ಲಿ ಕೂತಿರುವ ಬೆಲೆ ಮಾತ್ರ. ಅದನ್ನು ಅಭ್ಯಾಸದಿಂದ ಇಳಿಸಬಹುದು.

ಈಗ ಟೆಕ್ಸಾಸಿನ ಸಹೋದರರ ಮಾತಿಗೆ ಬರುತ್ತೇನೆ. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್, ಸಾಮಾನ್ಯ ಪರವಾನಗಿಗೆ ಸಿಗುವುದಿಲ್ಲ. ಆದ್ದರಿಂದ ಈ ಚರ್ಚೆ ನಮ್ಮ ಪಾಲಿಗೆ ಕೇಳಿದ್ದಷ್ಟೇ. ಅಮೆರಿಕದಲ್ಲಿ ಇದು ಮನೆಮನೆಯ ವಾದ, ನೂರು ವರ್ಷಕ್ಕೂ ಹಳೆಯದು. 9 ಎಂಎಂ ತೋಟಾವನ್ನು ಗೇಯೋರ್ಗ್ ಲೂಗರ್ ರೂಪಿಸಿದ್ದು 1902ರಲ್ಲಿ. .45 ಎಸಿಪಿ ಜಾನ್ ಬ್ರೌನಿಂಗ್ ಅವರದು, ಅದನ್ನು ಹಾರಿಸುವ ಅವರ ಪಿಸ್ತೂಲನ್ನು ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡಿತು.

ಸಮಾನ ಹೋಲಿಕೆಗಾಗಿ ಎಲ್ಲವನ್ನೂ 900 ಗ್ರಾಂ ಪಿಸ್ತೂಲಿನಲ್ಲಿ ಇಟ್ಟು ನೋಡುತ್ತೇನೆ. 9 ಎಂಎಂನ 115 ಗ್ರೇನ್ ಗುಂಡು, ಅಂದರೆ 7.5 ಗ್ರಾಂ, ಸೆಕೆಂಡಿಗೆ ಸುಮಾರು 355 ಮೀಟರ್: ಒದೆತ 5.3 ಜೂಲ್. ಅದೇ 9 ಎಂಎಂನ 147 ಗ್ರೇನ್ ಗುಂಡು, 9.5 ಗ್ರಾಂ, ಸುಮಾರು 300 ಮೀಟರ್: 5.5 ಜೂಲ್. .40 ಎಸ್ ಅಂಡ್ ಡಬ್ಲ್ಯೂನ 180 ಗ್ರೇನ್ ಗುಂಡು: ಸುಮಾರು 8.7 ಜೂಲ್. .45ರ 230 ಗ್ರೇನ್ ಗುಂಡು, ಸುಮಾರು 15 ಗ್ರಾಂ, 255 ಮೀಟರ್: ಹತ್ತು ಜೂಲ್‌ಗೆ ಹತ್ತಿರ. ನಿಮ್ಮ .32ರ 1.1 ಜೂಲ್ ಪಕ್ಕದಲ್ಲಿ ಇವನ್ನು ಇಟ್ಟರೆ ಸಹೋದರರಿಗೆ ನಿಮ್ಮ ಕಷ್ಟ ಏಕೆ ಅರ್ಥವಾಗುವುದಿಲ್ಲ ಎಂದು ತಿಳಿಯುತ್ತದೆ. ಆದರೆ ಅವರು ಬಹುಶಃ ಎರಡು ಕೈಯಲ್ಲಿ ಹಿಡಿಯುತ್ತಾರೆ, ನೀವು ಒಂದೇ ಕೈಯಲ್ಲಿ. ಅವರ ಗುರಿಹಲಗೆಯೂ ದೊಡ್ಡದಿರಬಹುದು.

ಈ ಅಂಕಿಗಳು ಹೇಳದ ಸಂಗತಿಯೊಂದಿದೆ. ಲೆಕ್ಕದಲ್ಲಿ .40ಗಿಂತ .45ರ ಒದೆತ ಹೆಚ್ಚು. ಆದರೂ ಎರಡನ್ನೂ ಹೊಡೆದ ಅನೇಕರು .40 ಚಾಟಿಯಂತೆ ಬಡಿಯುತ್ತದೆ, .45 ಭುಜದ ತನಕ ತಳ್ಳುತ್ತದೆ ಎನ್ನುತ್ತಾರೆ. 9 ಎಂಎಂ ಮತ್ತು .40 ತೋಟಾಗಳೊಳಗಿನ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್, .45ರದ್ದು 21,000. ಹೆಚ್ಚಿನ ಒತ್ತಡದ ತೋಟಾ ಹೆಚ್ಚು ಚುರುಕಾಗಿ, ಹೆಚ್ಚು ಅಬ್ಬರದಿಂದ ಸಿಡಿಯುತ್ತದೆ. ಜೊತೆಗೆ .40 ಸಾಮಾನ್ಯವಾಗಿ ಸಿಗುವುದು 9 ಎಂಎಂಗಾಗಿ ಅಳತೆ ಮಾಡಿದ ಹಗುರ ಚೌಕಟ್ಟಿನಲ್ಲಿ. .45 ಬಹುಮಟ್ಟಿಗೆ ಸಿಗುವುದು 1.1 ಕಿಲೋ ಉಕ್ಕಿನ ಪಿಸ್ತೂಲಿನಲ್ಲಿ, ಅಲ್ಲಿ ಅದರ ಒದೆತ 8 ಜೂಲ್‌ಗೆ ಇಳಿಯುತ್ತದೆ. ಕ್ಯಾಲಿಬರ್ ಒದೆಯುತ್ತದೆ ಎಂದು ಹೇಳುವುದೇ ಅರ್ಧ ಮಾತು. ಯಾವ ತೋಟಾ, ಯಾವ ತೂಕದ ಆಯುಧದಲ್ಲಿ ಎಂದು ಹೇಳಿದಾಗ ಮಾತು ಪೂರ್ತಿಯಾಗುತ್ತದೆ.

ಇದನ್ನು ಸ್ಪಷ್ಟವಾಗಿ ತೋರಿಸುವುದು .357 ಮ್ಯಾಗ್ನಂ ಎಂಬ ಬಲವಾದ ತೋಟಾ. ಅದನ್ನು ಹಾರಿಸುವ ರಿವಾಲ್ವರುಗಳಲ್ಲಿ .38 ಸ್ಪೆಷಲ್ ತೋಟಾವನ್ನೂ ಹಾರಿಸಬಹುದು. ಜೇಬಿಗೆ ಹಿಡಿಸುವ 400 ಗ್ರಾಂ ರಿವಾಲ್ವರಿನಲ್ಲಿ .38ರ ವಾಡ್‌ಕಟರ್ ಹಾರಿಸಿದರೆ ಒದೆತ 5-6 ಜೂಲ್. ಅದೇ ರಿವಾಲ್ವರಿನಲ್ಲಿ ಪೂರ್ಣ ಮದ್ದಿನ ಮ್ಯಾಗ್ನಂ ಹಾರಿಸಿದರೆ 25 ಜೂಲ್ ಮೀರುತ್ತದೆ. ನಿಮ್ಮ ಅಪ್ಪನ ಕೋವಿಯಷ್ಟು ಒದೆತ, ಹೆಗಲಿಗಲ್ಲ, ಹೆಬ್ಬೆರಳು ತೋರುಬೆರಳುಗಳ ಸಂದಿಗೆ. ನಮ್ಮಲ್ಲೂ ಇದರ ಸಣ್ಣ ಉದಾಹರಣೆಯುಂಟು. 2014ರಲ್ಲಿ ಕಾನ್ಪುರದಿಂದ ಬಂದ ನಿರ್ಭೀಕ್ ರಿವಾಲ್ವರಿನ ತೂಕ ಸುಮಾರು 500 ಗ್ರಾಂ, ತೋಟಾ ಅದೇ .32. ನಿಮ್ಮ ಕ್ಲಬ್ಬಿನ ಪಿಸ್ತೂಲಿನಲ್ಲಿ 1.1 ಜೂಲ್ ಒದೆಯುವಷ್ಟು ಬಲದ ತೋಟಾ ಅಲ್ಲಿ ಎರಡೂವರೆ ಜೂಲ್ ಒದೆಯುತ್ತದೆ. ಹಗುರ ಆಯುಧ ಹೆಂಗಸರಿಗೆ, ವಯಸ್ಸಾದವರಿಗೆ ಸುಲಭ ಎಂದು ಮಾರುವವರು ಹೇಳಿದಾಗ ನನಗೆ ಬೇಸರವಾಗುತ್ತದೆ. ಹೊತ್ತು ತಿರುಗಲು ಸುಲಭ, ಗುರಿ ಹಿಡಿದು ಹೊಡೆಯಲು ಕಷ್ಟ.

.45 ಹೆಚ್ಚು ನಿಖರ ಎಂಬ ಮಾತಿಗೆ ಆಧಾರವಿಲ್ಲದಿಲ್ಲ. ಒಹಾಯೊದ ಕ್ಯಾಂಪ್ ಪೆರಿಯಲ್ಲಿ 1907ರಿಂದ ರಾಷ್ಟ್ರೀಯ ಸ್ಪರ್ಧೆಗಳು ನಡೆದುಬಂದಿವೆ. ಅಲ್ಲಿಯ ಬುಲ್ಸ್‌ಐ ಸ್ಪರ್ಧೆಯಲ್ಲಿ 50 ಗಜ ದೂರಕ್ಕೆ, ಒಂದೇ ಕೈಯಲ್ಲಿ, ಸುಮಾರು 8.5 ಸೆಂಟಿಮೀಟರ್ ವ್ಯಾಸದ ಹತ್ತರ ವೃತ್ತಕ್ಕೆ .45ರಿಂದ ಹೊಡೆಯುತ್ತಾರೆ. ತಲೆಮಾರುಗಳ ಕಾಲ ಕುಶಲಕರ್ಮಿಗಳು ಆ ಪಿಸ್ತೂಲನ್ನು ತೀಡಿ ತಿದ್ದಿದ್ದಾರೆ. ಆದರೆ ಅಲ್ಲಿ ಬಳಸುವುದು ಸೇನೆಯ ಪೂರ್ಣ ಬಲದ 230 ಗ್ರೇನ್ ತೋಟಾವನ್ನಲ್ಲ. ಸಾಮಾನ್ಯವಾಗಿ 185 ಅಥವಾ 200 ಗ್ರೇನ್ ಗುಂಡಿಗೆ ಮದ್ದು ಇಳಿಸಿ ಮೆದುವಾಗಿಸಿದ ತೋಟಾ. ಅಂದರೆ .45ರ ಕೀರ್ತಿಯನ್ನು ಕಟ್ಟಿದವರೇ ಅದರ ಒದೆತವನ್ನು ಮೊದಲು ಇಳಿಸಿಕೊಂಡರು. ಒದೆತ ಬರೀ ಭ್ರಮೆಯಾಗಿದ್ದರೆ ಅವರು ಅಷ್ಟು ಶ್ರಮ ಪಡುತ್ತಿರಲಿಲ್ಲ.

ಅದಕ್ಕಿಂತ ಬಲವಾದ ಸಾಕ್ಷಿ ಎಫ್‌ಬಿಐ ಕಥೆ. 1986ರ ಏಪ್ರಿಲ್‌ನಲ್ಲಿ ಮಿಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಅದರ ಇಬ್ಬರು ಸಿಬ್ಬಂದಿ ಸತ್ತರು. ಅಂದು ಬಳಸಿದ 9 ಎಂಎಂ ಗುಂಡು ಸಾಕಷ್ಟು ಆಳಕ್ಕೆ ಇಳಿಯಲಿಲ್ಲ ಎಂಬ ತೀರ್ಮಾನದಿಂದ ಸಂಸ್ಥೆ 10 ಎಂಎಂನತ್ತ ಹೊರಳಿತು. ಅದರ ಪೂರ್ಣ ಬಲ ಕೈಗೆ ಅತಿಯಾಯಿತು. ಇಳಿಸಿದ ಮದ್ದಿನ ತೋಟಾ ಬಂತು, ಅದನ್ನೇ ಚಿಕ್ಕದಾಗಿಸಿ 1990ರಲ್ಲಿ .40 ಎಸ್ ಅಂಡ್ ಡಬ್ಲ್ಯೂ ಬಂತು. ಅಮೆರಿಕದ ಪೊಲೀಸರಲ್ಲಿ ಬಹುಪಾಲು ಅದನ್ನು ಅಪ್ಪಿಕೊಂಡರು. 2014ರಲ್ಲಿ ಎಫ್‌ಬಿಐ ತರಬೇತಿ ವಿಭಾಗವೇ ಮತ್ತೆ 9 ಎಂಎಂ ಪರವಾಗಿ ಬರೆಯಿತು. ಈ ನಡುವೆ ಗುಂಡುಗಳ ರಚನೆ ಸುಧಾರಿಸಿತ್ತು ಎಂಬುದು ಒಂದು ಕಾರಣ. ಇನ್ನೊಂದು ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು: ಅವರ ಸಿಬ್ಬಂದಿಯಲ್ಲಿ ಹೆಚ್ಚಿನವರು ಅದೇ ಅಳತೆಯ .40ಗಿಂತ 9 ಎಂಎಂನಲ್ಲಿ ಬೇಗನೆಯೂ ಹೊಡೆದರು, ನಿಖರವಾಗಿಯೂ ಹೊಡೆದರು. ನಳಿಗೆಗಳ ನಿಖರತೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವ್ಯತ್ಯಾಸ ಹುಟ್ಟಿದ್ದು ಹಿಡಿದ ಕೈಗಳಲ್ಲಿ.

ವೇಗದ ಆಟಗಳಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅಮೆರಿಕದ ಯುಎಸ್‌ಪಿಎಸ್‌ಎ ಸ್ಪರ್ಧೆಗಳಲ್ಲಿ ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಎಂಬ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸುತ್ತಾರೆ. ಇದನ್ನು ಪವರ್ ಫ್ಯಾಕ್ಟರ್ ಎನ್ನುತ್ತಾರೆ. 125 ದಾಟಿದರೆ ಮೈನರ್, 165 ದಾಟಿದರೆ ಮೇಜರ್. ಮೇಜರ್‌ನಲ್ಲಿ ಹೊಡೆದವರಿಗೆ ನಡುವಿನಿಂದ ಸರಿದ ಗುಂಡಿಗೂ ತುಸು ಹೆಚ್ಚು ಅಂಕ. ಒದೆತಕ್ಕೆ ಪರಿಹಾರ ಕೊಡದಿದ್ದರೆ ಎಲ್ಲರೂ ಮೆದು ತೋಟಾಕ್ಕೇ ಹೋಗುತ್ತಾರೆ ಎಂದು ನಿಯಮ ಬರೆದವರಿಗೇ ಗೊತ್ತಿತ್ತು. ಮೈನರ್‌ನಲ್ಲಿ ಆಡುವ ಬಹಳ ಮಂದಿ 147 ಗ್ರೇನ್‌ನ ಭಾರದ ಗುಂಡನ್ನು 125ರ ಗೆರೆಗಿಂತ ಸ್ವಲ್ಪವೇ ಮೇಲಿರುವಂತೆ ನಿಧಾನವಾಗಿ ಹಾರಿಸುತ್ತಾರೆ. ಸಂವೇಗ ಹೆಚ್ಚುಕಡಿಮೆ ಅಷ್ಟೇ, ಆದರೆ ಮದ್ದು ಕಡಿಮೆ, ಅಬ್ಬರ ಕಡಿಮೆ, ಮೂತಿ ಬೇಗ ಗುರಿಗೆ ಮರಳುತ್ತದೆ. ನಿಮ್ಮ ಸಹೋದರರು ಒಪ್ಪಿದರೆ ಒಂದು ದಿನ 9 ಎಂಎಂನ 115 ಗ್ರೇನ್ ತೋಟಾವನ್ನೂ ಈ ನಿಧಾನದ 147 ಗ್ರೇನ್ ತೋಟಾವನ್ನೂ ಪಕ್ಕಪಕ್ಕದಲ್ಲಿ ಹೊಡೆದು ನೋಡಲಿ.

ಇನ್ನು ನೀವು ಮಾಡಬೇಕಾದದ್ದು. ನಾನು ಸೆಂಟರ್ ಫೈರ್ ಆರಂಭಿಸಿದಾಗ ನನಗೂ ಏಳು ಗಂಟೆಯ ರೋಗ ಹಿಡಿದಿತ್ತು, ನಾನೂ ಪಿಸ್ತೂಲನ್ನೇ ದೂರಿದ್ದೆ. ತರಬೇತುದಾರರು ಏನೂ ಹೇಳದೆ ಮ್ಯಾಗಜೀನ್ ತಾವೇ ತುಂಬಿ ಕೊಟ್ಟರು. ನಡುವೆ ಎಲ್ಲೋ ಒಂದು ಡಮ್ಮಿ, ಅಂದರೆ ಮದ್ದಿಲ್ಲದ ತೋಟಾ ಇತ್ತು. ಎರಡು ಗುಂಡು ಹೋಯಿತು. ಮೂರನೆಯದಕ್ಕೆ ಟ್ರಿಗರ್ ಎಳೆದಾಗ ಶಬ್ದವಿಲ್ಲ, ಆದರೆ ನಳಿಗೆಯ ಮೂತಿ ಒಂದು ಬೆರಳು ಕೆಳಕ್ಕೆ ಕುಕ್ಕಿತು. ಎಲ್ಲರ ಮುಂದೆ, ನನ್ನ ಕಣ್ಣೆದುರಿಗೇ. ಅವರು ಬೈಯಲಿಲ್ಲ, ಹೆಗಲ ಮೇಲೆ ಕೈಯಿಟ್ಟು ಮತ್ತೊಮ್ಮೆ ತುಂಬಿದರು. ಆ ದಿನದ ನಂತರ ತೋಟಾವನ್ನು ದೂರುವ ಮುನ್ನ ನಾನು ಯಾವಾಗಲೂ ಒಂದು ಡಮ್ಮಿ ಕೇಳುತ್ತೇನೆ. ನಿಮ್ಮ ತರಬೇತುದಾರರಿಗೂ ರೇಂಜ್ ಅಧಿಕಾರಿಗೂ ಹೇಳಿ, ಹೀಗೆಯೇ ತುಂಬಿಸಿಕೊಳ್ಳಿ. ವಾರಕ್ಕೊಮ್ಮೆ ಸಾಕು.

ಕಿವಿಗೆ ಎರಡು ರಕ್ಷಣೆ ಹಾಕಿಕೊಳ್ಳಿ, ಒಳಗೆ ಬತ್ತಿ, ಮೇಲೆ ಮಫ್. ನಾವು ಒದೆತಕ್ಕೆ ಬೆದರುತ್ತೇವೆ ಎಂದುಕೊಳ್ಳುವಾಗ ಎಷ್ಟೋ ಸಲ ಬೆದರುವುದು ಸದ್ದಿಗೆ. ಕೈಕೋವಿಗಳ ಸದ್ದು 150 ಡೆಸಿಬೆಲ್ ಮೀರುವುದು ಸಾಮಾನ್ಯ, ತಗಡಿನ ಚಾವಣಿಯ ಕೆಳಗೆ ಅದು ಇನ್ನೂ ಹೊಡೆಯುತ್ತದೆ. ಸದ್ದು ಇಳಿಸಿದ ದಿನವೇ ಅಂಕ ಏರಿದವರನ್ನು ನಾನು ಕಂಡಿದ್ದೇನೆ.

ಒಂದು ನಿಜ ಗುಂಡಿಗೆ ಐದು ಒಣ ಅಭ್ಯಾಸ (ತೋಟಾ ಇಲ್ಲದೆ ಟ್ರಿಗರ್ ಒತ್ತುವುದು) ಎಂಬ ಲೆಕ್ಕ ಇಟ್ಟುಕೊಳ್ಳಿ. ಹೊರಗಿನಿಂದ ಬರುವ .32 ತೋಟಾ .22ಗಿಂತ ದುಬಾರಿ, ಒಣ ಅಭ್ಯಾಸಕ್ಕೆ ಕಾಸಿಲ್ಲ. ಪಿಸ್ತೂಲು ಖಾಲಿಯಿದೆ ಎಂದು ಎರಡು ಬಾರಿ ನೋಡಿ, ಬಿಳಿಗೋಡೆಯತ್ತ ಹಿಡಿದು ಟ್ರಿಗರ್ ಒತ್ತಿ, ಫೋರ್‌ಸೈಟ್ ಅಲುಗದಂತೆ ನೋಡಿಕೊಳ್ಳಿ. ಎರಡೂ ಪಿಸ್ತೂಲಿನ ಟ್ರಿಗರ್ ಭಾರ ಕನಿಷ್ಠ ಒಂದು ಕಿಲೋ ಇರಬೇಕೆಂಬ ನಿಯಮವಿರುವುದರಿಂದ ಬೆರಳಿಗೆ ಹೊಸದೇನೂ ಇಲ್ಲ. ಆದರೆ .22ರಲ್ಲಿ ತೋಟಾ ಕೂರುವ ಕೋಣೆ (ಚೇಂಬರ್) ಪೂರ್ತಿ ಖಾಲಿಯಿರುವಾಗ ಒಣ ಅಭ್ಯಾಸ ಮಾಡಬೇಡಿ. ಅದರ ಪಿನ್ ಕೋಣೆಯ ಅಂಚಿಗೆ ಬಡಿಯುತ್ತದೆ, ಪ್ಲಾಸ್ಟಿಕ್ ತುಂಡು ಹಾಕಿಕೊಳ್ಳಬೇಕು.

ಒಂದೇ ದಿನ .22 ಮತ್ತು .32 ಎರಡನ್ನೂ ಹೊಡೆಯಿರಿ, ಆರಂಭ ಮತ್ತು ಕೊನೆ ಎರಡೂ .22ರಲ್ಲಿ ಇರಲಿ. ದಿನದ ಕೊನೆಯ ನೆನಪು ಮೆದುವಾಗಿರಬೇಕು. .32ರಲ್ಲಿ ಒಮ್ಮೆಗೆ ಮೂವತ್ತು ಗುಂಡು ಮೀರಬೇಡಿ. ದಣಿದ ಮಣಿಕಟ್ಟು ಬೆದರಿಕೆಯನ್ನು ಬೇಗ ಕಲಿಯುತ್ತದೆ. ಇದಕ್ಕಿಂತ ಮೆದು ತೋಟಾ ಬೇಕೆಂದು ಇನ್ನೂ ಹಗುರದ್ದನ್ನು ಹುಡುಕಬೇಡಿ. ಬೋಲ್ಟ್ ಪೂರ್ತಿ ಹಿಂದೆ ಸರಿಯುವಷ್ಟು ಬಲ ಇರಲೇಬೇಕು, ಇಲ್ಲದಿದ್ದರೆ ತೋಟಾ ಸಿಕ್ಕಿಕೊಳ್ಳುತ್ತದೆ. ಪಿಸ್ತೂಲಿಗೆ ತೂಕದ ತುಂಡು ಸೇರಿಸಲು ಜಾಗವಿದ್ದರೆ 1,400 ಗ್ರಾಂ ಮಿತಿಯೊಳಗೆ ಸೇರಿಸಿ ನೋಡಬಹುದು, ಆದರೆ ಚಾಚಿದ ಕೈ ಅದನ್ನು ಅರವತ್ತು ಗುಂಡುಗಳ ತನಕ ಹೊರಬೇಕು ಎಂಬುದು ನೆನಪಿರಲಿ.

ಇಷ್ಟಾದ ಮೇಲೂ ತೋಟಾದ ಮೇಲಿನ ಸಂಶಯ ಹೋಗದಿದ್ದರೆ ಅದನ್ನು ಕೈಯಿಂದ ಪರೀಕ್ಷಿಸಬೇಡಿ. ಪಿಸ್ತೂಲನ್ನು ಹಿಡಿದಿಡುವ ಕ್ಲ್ಯಾಂಪ್ ಇರುವ ರೇಂಜಿನಲ್ಲಿ ಎರಡು ತಯಾರಿಕೆಯ ತೋಟಾಗಳನ್ನು ಹತ್ತು ಹತ್ತು ಗುಂಡಿನಂತೆ ಹೊಡೆದು ಹೋಲಿಸಿ. ಮೂರು ಗುಂಡಿನ ಗುಂಪು ಅಂದವಾಗಿ ಕಾಣುತ್ತದೆ, ಏನನ್ನೂ ಸಾಬೀತು ಮಾಡುವುದಿಲ್ಲ. ಹಾಗೆಯೇ ಮೆದು ಸೀಸ ನಳಿಗೆಯ ಗೆರೆಗಳಲ್ಲಿ ಅಂಟುತ್ತದೆ, ಅದನ್ನು ತೆಗೆಯದಿದ್ದರೆ ಯಾವ ತೋಟಾ ಹಾಕಿದರೂ ಗುಂಪು ಅಗಲವಾಗುತ್ತದೆ. ಪರೀಕ್ಷೆಗೆ ಮುನ್ನ ನಳಿಗೆ ಸ್ವಚ್ಛ ಮಾಡಿ.

ಮೂರು ವಾರ ಹೀಗೆ ನಡೆಸಿ. ಆಮೇಲೆ .32ರಲ್ಲಿ ಹೊಡೆದ ಹತ್ತು ಗುಂಡುಗಳ ಒಂದು ಕಾಗದದ ಚಿತ್ರ ಕಳುಹಿಸಿ. ಅಂಕ ಬರೆಯಬೇಡಿ, ಅದು ನನಗೆ ಬೇಡ. ತೂತುಗಳು ಏಳು ಗಂಟೆಯಿಂದ ಎತ್ತ ಸರಿದಿವೆ ಎಂದು ನೋಡಿ ಮುಂದಿನ ಮಾತು ಬರೆಯುತ್ತೇನೆ.